ಪಿತಮ್ನೆ ಹೆಲನು: ರೇಟಿಕ್ ಶಾಸನದ ಓದಿಗೆ ಬಂದ ಆಕ್ಷೇಪಗಳಿಗೆ ಪ್ರತ್ಯುತ್ತರ

ಇಟಲಿಯ ಈಶಾನ್ಯದಲ್ಲಿ, ಆಲ್ಪ್ಸ್ ಬೆಟ್ಟಗಳು ವೆನೆಟೊ ಬಯಲಿಗೆ ಇಳಿಯುವ ಕಡೆ, ಸ್ಕಿಯೊ ಪಟ್ಟಣವಿದೆ. ಅದಕ್ಕೆ ಅಂಟಿಕೊಂಡದ್ದೇ ಮಗ್ರೆ. 1912ರಲ್ಲಿ ಮಗ್ರೆಯ ಗುಡ್ಡದ ಹಳೆಯ ಪೂಜಾಸ್ಥಳದಲ್ಲಿ ಸಾರಂಗದ ಕೊಂಬಿನ ತುಂಡುಗಳು ಸಿಕ್ಕವು. ಅವುಗಳಲ್ಲಿ ಇಪ್ಪತ್ತರಷ್ಟರ ಮೇಲೆ ಅಕ್ಷರ ಕೊರೆದಿತ್ತು. ಜುಸೆಪ್ಪೆ ಪೆಲ್ಲೆಗ್ರಿನಿ 1918ರಲ್ಲಿ ಅವನ್ನು ವಿವರವಾಗಿ ಪ್ರಕಟಿಸಿದರು. ಕೈಯಲ್ಲಿ ಹಿಡಿದು ತಿರುಗಿಸಿ ನೋಡಬಹುದಾದಷ್ಟು ಸಣ್ಣ ವಸ್ತುಗಳವು. ಒಂದರ ಮೇಲೆ ಇರುವುದು ಇಷ್ಟೇ: ಪಿತಮ್ನೆಹೆಲನು. ನಡುವೆ ಬಿಡುವಿಲ್ಲ, ವಿರಾಮ ಚಿಹ್ನೆಯೂ ಇಲ್ಲ. ಇದು ಒಬ್ಬ ಗಂಡಸಿನ ಹೆಸರು, ಪಿತಮ್ನೆ ಅವನ ಸ್ವಂತ ಹೆಸರು, ಹೆಲನು ಎಂಬುದು ತಂದೆಯ ಹೆಸರಿನಿಂದ ಬಂದದ್ದು, ಇದರ ಭಾಷೆ ಆಲ್ಪ್ಸ್‌ನ ರೇಟಿ ಜನರ ರೇಟಿಕ್, ಆ ಭಾಷೆ ಪ್ರಾಚೀನ ಇಟಲಿಯ ಎಟ್ರಸ್ಕನ್‌ಗೆ ಸೋದರಿ ಎಂದು ಹಿಂದಿನ ಲೇಖನವೊಂದರಲ್ಲಿ ನಾನು ಬರೆದಿದ್ದೆ. ಈ ಓದು ನನ್ನದಲ್ಲ. ಇನ್ಸ್‌ಬ್ರುಕ್, ವಿಯೆನ್ನಾ, ಇಟಲಿಯ ವಿದ್ವಾಂಸರು ಹಲವು ದಶಕಗಳಿಂದ ಕಟ್ಟಿದ್ದು. ನಾನು ಅದನ್ನು ಕನ್ನಡದಲ್ಲಿ ವಿವರಿಸಿದೆ, ಅದು ಸರಿ ಎಂದು ವಾದಿಸಿದೆ.

ಬಂದ ಆಕ್ಷೇಪಗಳು ಒಂದೇ ದಿಕ್ಕಿನವಲ್ಲ. ಇಷ್ಟು ಸಣ್ಣ ಬರಹದಿಂದ ಅಷ್ಟು ಹೇಳಿದ್ದು ಅತಿಯಾಯಿತು ಎಂದು ಕೆಲವರು. ಒಗಟನ್ನು ಪೂರ್ತಿ ಬಿಡಿಸಿದವರಿದ್ದಾರೆ, ನೀವು ಅವರನ್ನು ಮುಚ್ಚಿಟ್ಟಿರಿ ಎಂದು ಇನ್ನು ಕೆಲವರು. ಇಬ್ಬರಿಗೂ ಉತ್ತರ ಕೊಡಬೇಕು. ಯಾಕೆಂದರೆ ಇಬ್ಬರೂ ಒಂದೇ ಕಡೆ ಎಡವಿದ್ದಾರೆ: ಶಾಸನವನ್ನು ಓದುವುದೆಂದರೆ ಒಂದೊಂದು ಪದಕ್ಕೂ ಅರ್ಥ ಹಚ್ಚುವುದು ಎಂದು ಇಬ್ಬರೂ ತಿಳಿದಿದ್ದಾರೆ.

ಮೊದಲ ಆಕ್ಷೇಪ ಒಬ್ಬ ಹಿರಿಯ ಅಧ್ಯಾಪಕರದು. ಶಾಸನಗಳ ಜೊತೆ ಬಹಳ ವರ್ಷ ಕಳೆದವರು, ಆದ್ದರಿಂದ ಅವರ ಮಾತಿಗೆ ತೂಕವಿದೆ. ಅವರು ಹೇಳುವುದು: ರೇಟಿಕ್‌ಗೆ ದ್ವಿಭಾಷಾ ಶಾಸನ ಒಂದೂ ಇಲ್ಲ. ರೊಸೆಟ್ಟಾ ಕಲ್ಲಿನಂಥದ್ದು ಕೈಯಲ್ಲಿಲ್ಲದೆ ಹದಿಮೂರು ಹದಿನಾಲ್ಕು ಅಕ್ಷರಗಳ ಸಾಲನ್ನು ನಡುವೆ ಕಡಿದು, ಇದು ಹೆಸರು, ಇದು ತಂದೆಯ ಹೆಸರು ಎನ್ನಲು ಆಧಾರವೇನು? ಹಳಗನ್ನಡದ ಶಾಸನಗಳೂ ಪದಗಳ ನಡುವೆ ಬಿಡುವಿಲ್ಲದೆ ಬರೆದವೇ. ಭಾಷೆ ನಮ್ಮದೇ ಆಗಿದ್ದರೂ ಹಲ್ಮಿಡಿ ಶಾಸನದ ಕೆಲವು ಪದಗಳನ್ನು ಎಲ್ಲಿ ಬಿಡಿಸಬೇಕೆಂಬ ಚರ್ಚೆ ಮುಗಿದಿಲ್ಲ. ಗೊತ್ತಿಲ್ಲದ ಭಾಷೆಯಲ್ಲಿ ಕಡಿಯುವ ಧೈರ್ಯ ಹೇಗೆ ಬಂತು?

ಧೈರ್ಯ ಬಂದದ್ದು ಇನ್ನೊಂದು ಕೊಂಬಿನ ತುಂಡಿನಿಂದ. ಅದೇ ಮಗ್ರೆಯ ರಾಶಿಯಲ್ಲಿ ರಿತಮ್ನೆಹೆಲನು ಎಂಬ ಬರಹವೂ ಇದೆ. ಎರಡನ್ನೂ ಒಂದರ ಕೆಳಗೆ ಒಂದು ಬರೆದು ನೋಡಿ. ಹೆಲನು ಎಂಬ ಭಾಗ ಎರಡರಲ್ಲೂ ಹಾಗೇ ಇದೆ. ಅದರ ಹಿಂದಿನ ಭಾಗ ಬದಲಾಗಿದೆ, ಆದರೂ ಎರಡೂ ಕಡೆ ಮ್ನೆ ಎಂದೇ ಮುಗಿಯುತ್ತದೆ. ಹಾಗಾದರೆ ಕಡಿಯುವ ಜಾಗವನ್ನು ನಾವು ಆರಿಸಿದ್ದಲ್ಲ, ಆ ಎರಡು ಬರಹಗಳೇ ತೋರಿಸಿಕೊಟ್ಟದ್ದು. ಮೂರನೆಯ ತುಂಡಿನ ಮೇಲೆ ಕ್ನುಸೆಸುಸಿನು ಎಂದಿದೆ. ಇಲ್ಲಿ ಪದಗಳೇ ಬೇರೆ, ಆದರೆ ಕೊನೆಯಲ್ಲಿ ಮತ್ತೆ ನು. ಕ್ನುಸೆ ಸುಸಿನು, ಪಿತಮ್ನೆ ಹೆಲನು, ರಿತಮ್ನೆ ಹೆಲನು. ಎರಡು ಪದಗಳ ಜೋಡಿ, ಎರಡನೆಯದಕ್ಕೆ ನು ಎಂಬ ಕೊನೆ. ಇದೇ ಜೋಡಿ ರೇಟಿಕ್ ಪ್ರದೇಶದ ಬೇರೆ ಕಡೆಯೂ ಸಿಗುತ್ತದೆ. ಹೆಣ್ಣಿನ ಹೆಸರೆಂದು ತೋರುವ ಕಡೆ ನು ಬದಲು ನಾ ಬರುತ್ತದೆ. ಇಷ್ಟು ಹೇಳಲು ಎಟ್ರಸ್ಕನ್ ಬೇಕಿಲ್ಲ, ಯಾವ ನಿಘಂಟೂ ಬೇಕಿಲ್ಲ. ಹೆಲನು ಎಂಬ ಒಂದೇ ಉಪನಾಮ ಹೊತ್ತ ಇಬ್ಬರು, ಪಿತಮ್ನೆ ಮತ್ತು ರಿತಮ್ನೆ, ಒಂದೇ ಪೂಜಾಸ್ಥಳದಲ್ಲಿ ಕೊಂಬು ಇಟ್ಟುಹೋಗಿದ್ದಾರೆ. ಅಣ್ಣತಮ್ಮಂದಿರಿರಬಹುದು. ಎರಡು ಸಾವಿರ ವರ್ಷಕ್ಕೂ ಹಿಂದಿನ, ಯಾರೂ ಚರಿತ್ರೆಯಲ್ಲಿ ಬರೆಯದ ಒಂದು ಮನೆಯ ಹೆಸರು ಹೀಗೆ ಕೈಗೆ ಸಿಗುವುದನ್ನು ನಾನು ಸಣ್ಣ ವಿಷಯವೆಂದು ಎಣಿಸಲಾರೆ.

ಈಗ ಆ ಅಧ್ಯಾಪಕರು ಕೇಳಬಹುದಾದ ಮುಂದಿನ ಪ್ರಶ್ನೆ: ಒಂದೇ ಗುಡ್ಡದ ಮೂರು ತುಂಡು ನೋಡಿ ನಿಯಮ ಕಟ್ಟಿದರೆ ಅದು ಬೇರೆ ಕಡೆ ನಿಲ್ಲುತ್ತದೆಯೇ? ನಿಂತಿದೆ. 1957ರಲ್ಲಿ ಆಸ್ಟ್ರಿಯದ ಟಿರೋಲ್‌ನಲ್ಲಿ, ಸ್ಟೈನ್‌ಬರ್ಗ್ ಎಂಬ ಊರಿನ ಮೇಲಿನ ಬೆಟ್ಟದ ಬಂಡೆಯ ಸಂದಿಯಲ್ಲಿ ಶಾಸನಗಳು ಬೆಳಕಿಗೆ ಬಂದವು. ಆ ವರ್ಷವೇ ಎಮಿಲ್ ಫೆಟ್ಟರ್ ಅವನ್ನು ಪ್ರಕಟಿಸಿದರು. ಮಗ್ರೆಯಿಂದ ಸುಮಾರು 200 ಕಿಲೋಮೀಟರ್ ಉತ್ತರಕ್ಕೆ, ಆಲ್ಪ್ಸ್‌ನ ಮುಖ್ಯ ಸಾಲಿನ ಆಚೆ ಬದಿಯ ಜಾಗ ಅದು. ಬರೆದದ್ದು ಕೊಂಬಿನ ಮೇಲಲ್ಲ, ಬಂಡೆಯ ಮೇಲೆ. ಅಲ್ಲಿ ಒಂದು ಹೆಸರು ಮ್ನೆಸಿ ಎಂದು ಮುಗಿಯುತ್ತದೆ, ಅದರ ಪಕ್ಕದಲ್ಲಿ ಕಸ್ತ್ರಿನುಅಲೆ ಎಂಬ ಪದ. ಪ್ರತ್ಯಯಗಳನ್ನು ಬಿಡಿಸಿ: ಮ್ನೆ ಮತ್ತು ಸಿ, ಕಸ್ತ್ರಿ ಮತ್ತು ನು ಮತ್ತು ಅಲೆ. ಮಗ್ರೆಯಲ್ಲಿ ಕಂಡ ಜೋಡಿಯೇ ಇದು. ಮೊದಲ ಪದ ಮ್ನೆ ಎಂದು ಮುಗಿಯುವ ಹೆಸರು, ಎರಡನೆಯದು ನು ಹೊತ್ತ ತಂದೆಯ ಹೆಸರು. ಆದರೆ ಈಗ ಎರಡಕ್ಕೂ ಒಂದೊಂದು ವಿಭಕ್ತಿ ಪ್ರತ್ಯಯ ಸೇರಿದೆ. ಮಗ್ರೆಯ ಪದಗಳನ್ನು ತಪ್ಪು ಜಾಗದಲ್ಲಿ ಕಡಿದಿದ್ದರೆ ಸ್ಟೈನ್‌ಬರ್ಗ್‌ನ ಬಂಡೆ ಆ ಕಡಿತಕ್ಕೆ ಸಾಕ್ಷಿ ಹೇಳುತ್ತಿರಲಿಲ್ಲ.

ದ್ವಿಭಾಷಾ ಶಾಸನ ಇಲ್ಲದೆ ಮುಂದೆ ಹೋಗಲಾಗದು ಎಂಬ ಮಾತಿಗೆ ಲಿಪಿಶಾಸ್ತ್ರದ ಚರಿತ್ರೆಯೇ ಉತ್ತರ ಕೊಟ್ಟಿದೆ. ಗ್ರೀಸ್ ಮತ್ತು ಕ್ರೀಟ್‌ನ ಲೀನಿಯರ್ ಬಿ ಲಿಪಿಗೂ ದ್ವಿಭಾಷಾ ಶಾಸನ ಇರಲಿಲ್ಲ. ಅಮೆರಿಕದ ಆಲಿಸ್ ಕೋಬರ್ 1940ರ ದಶಕದಲ್ಲಿ ಒಂದು ಚಿಹ್ನೆಯ ಉಚ್ಚಾರವೂ ತಿಳಿಯದೆ, ಯಾವ ಭಾಷೆಯೆಂದು ಊಹಿಸಲು ಒಪ್ಪದೆ, ಪದಗಳ ಕೊನೆ ಎಲ್ಲಿ ಹೇಗೆ ಬದಲಾಗುತ್ತದೆ ಎಂಬುದನ್ನಷ್ಟೇ ಗಮನಿಸಿದರು. ಆ ತಳಪಾಯದ ಮೇಲೆ ಮೈಕೆಲ್ ವೆಂಟ್ರಿಸ್ 1952ರಲ್ಲಿ ಲಿಪಿಯನ್ನು ಓದಿದರು. ಅದು ಗ್ರೀಕ್ ಎಂದು ಗೊತ್ತಾಯಿತು. ಅಲ್ಲಿಯವರೆಗೂ ವೆಂಟ್ರಿಸ್ ಆ ಭಾಷೆ ಎಟ್ರಸ್ಕನ್‌ಗೆ ಹತ್ತಿರದ್ದಿರಬೇಕೆಂದು ನಂಬಿದ್ದರು. ವ್ಯಾಕರಣದ ಸಾಕ್ಷ್ಯ ಅವರ ನಂಬಿಕೆಯನ್ನು ಉರುಳಿಸಿತು, ಅವರು ಅದಕ್ಕೆ ತಲೆಬಾಗಿದರು. ರೇಟಿಕ್‌ನಲ್ಲಿ ನಮ್ಮ ಸ್ಥಿತಿ ಇದಕ್ಕಿಂತ ಒಂದು ವಿಷಯದಲ್ಲಿ ಸುಲಭ, ಯಾಕೆಂದರೆ ಇಲ್ಲಿ ಲಿಪಿ ಒಗಟಲ್ಲ. 1853ರಲ್ಲಿ ಥಿಯೊಡೋರ್ ಮೊಮ್ಸೆನ್, 1885ರಲ್ಲಿ ಕಾರ್ಲ್ ಪೌಲಿ ಈ ಉತ್ತರ ಇಟಲಿಯ ಅಕ್ಷರಮಾಲೆಗಳನ್ನು ವಿಂಗಡಿಸಿ ಇಟ್ಟಿದ್ದಾರೆ.

ಇಲ್ಲಿಂದ ಎರಡನೆಯ, ಹೆಚ್ಚು ಗಂಭೀರ ಆಕ್ಷೇಪಕ್ಕೆ ಬರುತ್ತೇನೆ. ಭಾಷಾವಿಜ್ಞಾನ ಓದಿಕೊಂಡ ಒಬ್ಬರು ಬರೆದಿದ್ದಾರೆ: ಎಟ್ರಸ್ಕನ್ ನೆರವಿನಿಂದ ರೇಟಿಕ್ ಓದುತ್ತೀರಿ, ಓದಿದ ಮೇಲೆ ನೋಡಿ ಎಟ್ರಸ್ಕನ್ ಥರವೇ ಇದೆ ಎನ್ನುತ್ತೀರಿ. ಇದು ವೃತ್ತವಲ್ಲವೇ? ಅದರ ಜೊತೆಗೆ, ಎಟ್ರಸ್ಕನ್ ತಾನೇ ಅರ್ಧ ಕತ್ತಲಲ್ಲಿರುವ ಭಾಷೆ.

ವೃತ್ತವಾಗುತ್ತಿತ್ತು, ಹೆಲನು ಎಂದರೇನೆಂದು ಎಟ್ರಸ್ಕನ್ ನಿಘಂಟಿನಲ್ಲಿ ಹುಡುಕಿದ್ದರೆ. ಹಾಗೆ ಹುಡುಕಿದವರು ಹಿಂದೆ ಇದ್ದರು, ಅವರ ಫಲಿತಾಂಶಗಳು ಉಳಿಯಲಿಲ್ಲ. ಟ್ರೆಂಟೊ ಬಳಿಯ ಚೆಂಬ್ರಾ ಕಣಿವೆಯಲ್ಲಿ ಸಿಕ್ಕ ಕಂಚಿನ ಪಾತ್ರೆಯ ಮೇಲೆ ವೆಲ್ಖನು, ಲುಪ್ನು ಎಂಬ ಪದಗಳಿವೆ. ವೆಲ್ಖನು ಎಂದೊಡನೆ ವಲ್ಕನ್ ದೇವರು ನೆನಪಾಗುತ್ತಾನೆ. ಲುಪ್ನು ಎಂದೊಡನೆ, ಸತ್ತನು ಎಂಬ ಅರ್ಥದ ಎಟ್ರಸ್ಕನ್ ಪದ ಲುಪು ನೆನಪಾಗುತ್ತದೆ. ದೇವರು, ಸಾವು, ಕಂಚಿನ ಪಾತ್ರೆ ಎಂದು ಒಂದು ಕಥೆ ತಾನೇ ಎದ್ದು ನಿಲ್ಲುತ್ತದೆ. ಆದರೆ ಎರಡೂ ನು ಎಂದು ಮುಗಿಯುತ್ತವೆ, ನು ಏನು ಮಾಡುತ್ತದೆಂಬುದನ್ನು ಮಗ್ರೆಯ ಕೊಂಬುಗಳು ಹೇಳಿವೆ. ಹೆಸರುಗಳೆಂದು ಓದಿದರೆ ಸಾಲು ನೆಟ್ಟಗಾಗುತ್ತದೆ, ಕಥೆ ಕರಗುತ್ತದೆ. ಎಟ್ರಸ್ಕನ್ ಸಂಬಂಧವನ್ನು ಒಪ್ಪುವ ವಿದ್ವಾಂಸರೇ ಈ ಎಟ್ರಸ್ಕನ್ ಆಮಿಷವನ್ನು ಬಿಟ್ಟುಕೊಟ್ಟರು ಎಂಬುದನ್ನು ಆಕ್ಷೇಪಿಸಿದವರು ಗಮನಿಸಬೇಕು. ವೃತ್ತದಲ್ಲಿ ಸುತ್ತುತ್ತಿರುವವರು ಹಾಗೆ ಮಾಡುವುದಿಲ್ಲ.

ಹೋಲಿಕೆ ಬಂದದ್ದು ಪದಗಳಲ್ಲಲ್ಲ, ಪ್ರತ್ಯಯಗಳಲ್ಲಿ. ಅದೂ ಒಳಗಿನ ವಿಂಗಡಣೆ ಮುಗಿದ ಮೇಲೆ. ಸ್ಟೆಫಾನ್ ಶುಮಾಖರ್ 1992ರಲ್ಲಿ ರೇಟಿಕ್ ಶಾಸನಗಳನ್ನೂ ಅಲ್ಲಿಯವರೆಗಿನ ಸಂಶೋಧನೆಯನ್ನೂ ಒಂದೆಡೆ ತಂದರು. ಹೆಲ್ಮುಟ್ ರಿಕ್ಸ್ 1998ರ ಸಣ್ಣ ಪುಸ್ತಕದಲ್ಲಿ ಹೋಲಿಕೆಯನ್ನು ಮುಂದಿಟ್ಟರು. ಅದರ ನಡುಮಧ್ಯದಲ್ಲಿರುವುದು ನಾವು ಆಗಲೇ ಕಂಡ ಸಿ ಮತ್ತು ಅಲೆ. ಎಟ್ರಸ್ಕನ್‌ನಲ್ಲಿ ಒಂದು ವಿಭಕ್ತಿಯಿದೆ, ಯಾರಿಗಾಗಿ, ಯಾರ ಕಡೆಯಿಂದ ಎಂಬುದನ್ನು ಹೇಳಲು ಬಳಸುವಂಥದ್ದು. ವಿಚಿತ್ರವೆಂದರೆ ಒಂದೇ ಕೆಲಸಕ್ಕೆ ಅದಕ್ಕೆ ಎರಡು ಪ್ರತ್ಯಯ, ಸಿ ಮತ್ತು ಅಲೆ. ಧ್ವನಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಯಾವ ಹೆಸರಿಗೆ ಯಾವುದು ಎಂಬುದು ಹೆಸರಿನ ವರ್ಗದ ಮೇಲೆ ನಿಂತಿದೆ. ಎಟ್ರಸ್ಕನ್‌ನ ಒಂದು ಪುರಾತನ ಕಾಣಿಕೆ ಶಾಸನದಲ್ಲಿ ಮಿ ಮುಲು ಲಾರಿಸಲೆ ವೆಲ್ಖೈನಸಿ ಎಂದಿದೆ. ಸ್ವಂತ ಹೆಸರು ಲಾರಿಸ್, ಅದಕ್ಕೆ ಅಲೆ. ಮನೆತನದ ಹೆಸರು ವೆಲ್ಖೈನ, ಅದಕ್ಕೆ ಸಿ. ಇನ್ನು ಏಜಿಯನ್ ಸಮುದ್ರದ ಲೆಮ್ನೊಸ್ ದ್ವೀಪಕ್ಕೆ ಹೋಗಿ, ಆಲ್ಪ್ಸ್‌ನಿಂದ ಸಾವಿರ ಕಿಲೋಮೀಟರಿಗೂ ದೂರ. ಅಲ್ಲಿನ ಕಮಿನಿಯಾದಲ್ಲಿ 1885ರಲ್ಲಿ ಸಿಕ್ಕ, ಕ್ರಿ.ಪೂ. 6ನೇ ಶತಮಾನದ ಕಲ್ಲಿನ ಮೇಲೆ ಹೊಲಾಯೆಸಿ ಫೊಕಿಯಸಿಅಲೆ ಎಂಬ ಜೋಡಿ ಇದೆ. ಮತ್ತೆ ಸಿ, ಮತ್ತೆ ಅಲೆ, ಒಬ್ಬನೇ ವ್ಯಕ್ತಿಯನ್ನು ಸೂಚಿಸುವ ಎರಡು ಪದಗಳ ಮೇಲೆ. ಮೂರನೆಯ ಜಾಗ ಸ್ಟೈನ್‌ಬರ್ಗ್‌ನ ಬಂಡೆ.

ಒಂದು ಪ್ರತ್ಯಯ ಹೊಂದಿದರೆ ಕಾಕತಾಳೀಯ ಎನ್ನಬಹುದು. ಜಗತ್ತಿನ ಭಾಷೆಗಳಲ್ಲಿ ಸಿ ಎಂದು ಮುಗಿಯುವ ಪ್ರತ್ಯಯಕ್ಕೆ ಬರವಿಲ್ಲ. ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪ್ರತ್ಯಯಗಳು ಒಂದೇ ಕೆಲಸ ಹಂಚಿಕೊಂಡು, ಒಂದೇ ಹೆಸರಿನ ಎರಡು ಭಾಗಗಳ ಮೇಲೆ ಪಕ್ಕಪಕ್ಕ ಕೂರುವುದು ಮೂರು ಕಡೆ ಆಕಸ್ಮಿಕವಾಗಿ ನಡೆಯುವುದಿಲ್ಲ. ಹಾಗೆಯೇ ಕ್ರಿಯಾಪದ. ಮಗ್ರೆಯ ಹಲವು ಕೊಂಬುಗಳ ಮೇಲೆ ತ್ಸಿನಖೆ ಎಂಬ ಪದ ಬರುತ್ತದೆ. ಎಟ್ರಸ್ಕನ್ ಪಾತ್ರೆಗಳ ಮೇಲೆ ಕುಶಲಕರ್ಮಿಗಳು, ನನ್ನನ್ನು ಇಂಥವನು ಮಾಡಿದ ಎಂದು ಬರೆಯುವಾಗ ಬಳಸುವ ಪದ ತ್ಸಿನಕೆ. ಪದದ ಮೊದಲ ಧ್ವನಿಗೆ ಮಗ್ರೆಯ ಲಿಪಿಯಲ್ಲಿ ಒಂದು ವಿಶೇಷ ಅಕ್ಷರವಿದೆ. ಉತ್ತರದ ಸಾಂಜೆನೊ ಕಡೆಯ ಲಿಪಿಯಲ್ಲಿ ಅದೇ ಧ್ವನಿಗೆ ಬಾಣದಂತೆ ಕಾಣುವ ಬೇರೆ ಅಕ್ಷರ. ಎರಡು ಕಡೆಯ ಬರಹಗಾರರೂ ಆ ಧ್ವನಿಗೆ ಸಾಮಾನ್ಯ ತ ಸಾಲದೆಂದು ತಮ್ಮ ತಮ್ಮ ದಾರಿ ಕಂಡುಕೊಂಡಿದ್ದಾರೆ.

ನನಗೆ ಇದಕ್ಕಿಂತಲೂ ಹೆಚ್ಚು ಮನವರಿಕೆ ಮಾಡಿದ ಸಾಕ್ಷ್ಯ ಒಂದು ಇಲ್ಲದ ಅಕ್ಷರ. ಮಗ್ರೆಯ ಅಕ್ಷರಗಳ ಆಕಾರ ನೆರೆಯ ವೆನೆಟಿಕ್ ಜನರ ಲಿಪಿಗೆ ತೀರ ಹತ್ತಿರ. ವೆನೆಟಿಕ್ ಲಿಪಿಯಲ್ಲಿ ಒ ಎಂಬ ಸ್ವರಾಕ್ಷರವಿದೆ. ರೇಟಿಕ್ ಬರಹಗಳಲ್ಲಿ ಅದಿಲ್ಲ. ಎಟ್ರಸ್ಕನ್‌ನಲ್ಲೂ ಇಲ್ಲ. ಕಣ್ಣೆದುರಿಗಿದ್ದ ಅಕ್ಷರವನ್ನು ಬಿಟ್ಟರೆಂದರೆ ಅವರ ಬಾಯಲ್ಲಿ ಆ ಧ್ವನಿಗೆ ಪ್ರತ್ಯೇಕ ಜಾಗವಿರಲಿಲ್ಲ. ಇದನ್ನು ಕಾಣಲು ಯಾವ ಪದದ ಅರ್ಥವೂ ಗೊತ್ತಿರಬೇಕಿಲ್ಲ, ಆದ್ದರಿಂದ ಇಲ್ಲಿ ವೃತ್ತದ ಆರೋಪಕ್ಕೆ ಕಾಲಿಡಲು ಜಾಗವೇ ಇಲ್ಲ.

ಎಟ್ರಸ್ಕನ್ ತಾನೇ ಕತ್ತಲು ಎಂಬ ಮಾತು ಹಳೆಯದಾಯಿತು. ಆ ಭಾಷೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬರಹಗಳಿವೆ. 1964ರಲ್ಲಿ ಪಿರ್ಗಿಯಲ್ಲಿ ಸಿಕ್ಕ ಚಿನ್ನದ ತಗಡುಗಳಲ್ಲಿ ಒಂದೇ ವಿಷಯ ಎಟ್ರಸ್ಕನ್‌ನಲ್ಲೂ ಫೀನಿಷಿಯನ್‌ನಲ್ಲೂ ಇತ್ತು. ಕಿ ಎಂದರೆ ಮೂರು ಎಂಬುದು ಅಲ್ಲಿ ಗಟ್ಟಿಯಾಯಿತು. ಶಬ್ದಕೋಶದಲ್ಲಿ ಖಾಲಿ ಜಾಗಗಳಿವೆ, ನಿಜ. ಪ್ರತ್ಯಯಗಳ ವಿಷಯದಲ್ಲಿ ಅಂಥ ಕತ್ತಲಿಲ್ಲ, ನಮ್ಮ ವಾದ ನಿಂತಿರುವುದು ಪ್ರತ್ಯಯಗಳ ಮೇಲೆ.

ಮೂರನೆಯ ಆಕ್ಷೇಪ ಎದುರು ದಿಕ್ಕಿನದು. 1987ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್‌ನಲ್ಲಿ ಲೀನುಸ್ ಬ್ರುನ್ನರ್ ಮತ್ತು ಆಲ್ಫ್ರೆಡ್ ಟೋತ್ ಒಂದು ಪುಸ್ತಕ ಪ್ರಕಟಿಸಿ ರೇಟಿಕ್ ಒಗಟು ಬಿಡಿಸಿದೆವು ಎಂದರು. ಅವರ ಪ್ರಕಾರ ಅದು ಅಕ್ಕಾಡಿಯನ್‌ಗೆ ಹತ್ತಿರದ ಸೆಮಿಟಿಕ್ ಭಾಷೆ. ಅದನ್ನು ಓದಿದ ಒಬ್ಬರು ಕೇಳುತ್ತಾರೆ: ಅವರು ಇಡೀ ವಾಕ್ಯಗಳಿಗೆ ಅರ್ಥ ಕೊಟ್ಟರು, ನಿಮ್ಮ ಪಂಡಿತರು ಎರಡು ಹೆಸರು ಕೊಟ್ಟರು. ಹೆಚ್ಚು ಕೊಟ್ಟವರನ್ನು ಬಿಟ್ಟು ಕಡಿಮೆ ಕೊಟ್ಟವರನ್ನು ಏಕೆ ನಂಬಬೇಕು?

ಹೆಚ್ಚು ಕೊಡುವುದು ಸುಲಭವಾದ್ದರಿಂದ. ಸೆಮಿಟಿಕ್ ಭಾಷೆಗಳಲ್ಲಿ ಪದದ ಬೇರು ಸಾಮಾನ್ಯವಾಗಿ ಮೂರು ವ್ಯಂಜನ, ನಡುವಿನ ಸ್ವರಗಳು ರೂಪಕ್ಕೆ ತಕ್ಕಂತೆ ಬದಲಾಗುತ್ತವೆ. ಸ್ವರಗಳನ್ನು ಲೆಕ್ಕಕ್ಕೆ ಹಿಡಿಯದೆ, ಅಕ್ಕಾಡಿಯನ್, ಹೀಬ್ರೂ, ಅರಬ್ಬಿ, ಅರಮಾಯಿಕ್ ನಿಘಂಟುಗಳನ್ನೆಲ್ಲ ತೆರೆದಿಟ್ಟುಕೊಂಡು, ಬಿಡುವಿಲ್ಲದ ಸಾಲನ್ನು ಬೇಕಾದಲ್ಲಿ ಕಡಿಯುವ ಸ್ವಾತಂತ್ರ್ಯವಿದ್ದರೆ ಯಾವ ಸಾಲಿಗೂ ಅರ್ಥ ಹೊರಡಿಸಬಹುದು. ಅದೇ ಸಾಲಿಗೆ ಸ್ಲಾವಿಕ್ ಅರ್ಥ ಹೊರಡಿಸಬಹುದು. ನೆರೆಯ ವೆನೆಟಿಕ್ ಶಾಸನಗಳನ್ನು ಸ್ಲೊವೀನ್ ಭಾಷೆಯಾಗಿ ಓದಿದ ಪುಸ್ತಕಗಳು 1980ರ ದಶಕದಲ್ಲಿ ಬಂದೂ ಇವೆ. ಎರಡು ಓದುಗಳು ಒಂದಕ್ಕೊಂದು ವಿರುದ್ಧವಾಗಿದ್ದರೂ ವಿಧಾನ ಒಂದೇ, ಮತ್ತು ಆ ವಿಧಾನಕ್ಕೆ ತಪ್ಪಾಗುವುದೇ ಗೊತ್ತಿಲ್ಲ. ತಪ್ಪಾಗಲು ಸಾಧ್ಯವಿಲ್ಲದ ಓದು ಸರಿಯೂ ಆಗಲಾರದು.

ರೇಟಿಕ್ ಪದದ ರಚನೆಯೂ ಸೆಮಿಟಿಕ್ ರೀತಿಯದಲ್ಲ. ಕಸ್ತ್ರಿನುಅಲೆ ಪದದಲ್ಲಿ ಬೇರು ಹಾಗೇ ಉಳಿಯುತ್ತದೆ, ಅದರ ಹಿಂದೆ ನು, ಅದರ ಹಿಂದೆ ಅಲೆ. ಊರಿನವರಿಗೆ ಎನ್ನುವಾಗ ನಾವು ಒಂದರ ಹಿಂದೆ ಒಂದು ಪೋಣಿಸುವಂತೆಯೇ. ಬೇರಿನ ಒಳಗೆ ಸ್ವರ ಬದಲಾಗಿ ವಿಭಕ್ತಿ ಹುಟ್ಟಿದ ಉದಾಹರಣೆ ಈ ಶಾಸನಗಳಲ್ಲಿಲ್ಲ. ಬ್ರುನ್ನರ್ ಅವರ ಶ್ರಮ ದೊಡ್ಡದು, ತಮ್ಮ ನೆಲದ ಹಳೆಯ ಭಾಷೆಯ ಮೇಲೆ ಅವರಿಗಿದ್ದ ಪ್ರೀತಿ ಸಾಚಾ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಪ್ರೀತಿ ಸಾಕ್ಷ್ಯದ ಜಾಗವನ್ನು ತುಂಬದು.

ಲಿವಿಯನ್ನು ಮುಂದಿಟ್ಟವರಿಗೆ ಸಂಕ್ಷಿಪ್ತವಾಗಿ ಉತ್ತರಿಸುತ್ತೇನೆ. ಅವರು ಹೇಳುವುದು: ರೋಮನ್ ಇತಿಹಾಸಕಾರ ಲಿವಿ, ರೇಟಿ ಜನ ಎಟ್ರಸ್ಕನ್ನರ ಮೂಲದವರು, ಕಾಡುಮೇಡಿನಲ್ಲಿ ನೆಲೆಸಿ ಒರಟಾದರು, ಹಳೆಯದರಲ್ಲಿ ಅವರಲ್ಲಿ ಉಳಿದದ್ದು ಮಾತಿನ ಧ್ವನಿಯೊಂದೇ, ಅದೂ ಕೆಟ್ಟುಹೋಗಿದೆ ಎಂದು ಬರೆದಿದ್ದಾನೆ. ಗಾಲರು ಓಡಿಸಿದಾಗ ರೇಟುಸ್ ಎಂಬ ನಾಯಕನ ಹಿಂದೆ ಅವರು ಆಲ್ಪ್ಸ್‌ಗೆ ಹೋದರು ಎಂಬ ಮಾತು ರೋಮನ್ ಲೇಖಕ ಪ್ಲಿನಿಯಲ್ಲಿದೆ. ಹೀಗಿರುವಾಗ ಸೋದರಿ ಭಾಷೆ ಎಂಬ ಸುತ್ತು ಏಕೆ, ನೇರವಾಗಿ ಎಟ್ರಸ್ಕನ್ ಉಪಭಾಷೆ ಎನ್ನಬಹುದಲ್ಲ?

ಎನ್ನಲಾಗದು, ಕಾಲ ಹೊಂದುವುದಿಲ್ಲ. ಗಾಲರು ಪೋ ನದಿಯ ಬಯಲನ್ನು ಹಿಡಿದದ್ದು ಕ್ರಿ.ಪೂ. 400ರ ಸುಮಾರಿಗೆ. ರೇಟಿಕ್ ಬರಹಗಳು ಅದಕ್ಕೆ ಒಂದು ಶತಮಾನದಷ್ಟು ಮೊದಲೇ ಶುರುವಾಗುತ್ತವೆ. ಓಡಿಬಂದವರು ಬರುವ ಮೊದಲೇ ಭಾಷೆ ಅಲ್ಲಿತ್ತು. ಆ ಕಣಿವೆಗಳ ಮನೆ, ಮಡಕೆ, ಪೂಜಾಸ್ಥಳಗಳಲ್ಲೂ ಹೊಸ ಜನ ದಂಡಿಯಾಗಿ ಬಂದಿಳಿದ ಗುರುತಿಲ್ಲ, ಸ್ಥಳೀಯ ಪರಂಪರೆ ಮುಂದುವರಿದದ್ದೇ ಕಾಣುತ್ತದೆ. ಎಟ್ರಸ್ಕನ್‌ನಿಂದ ಇಳಿದುಬಂದ ಭಾಷೆಯಾಗಿದ್ದರೆ ಎಟ್ರಸ್ಕನ್‌ನ ಸಾಮಾನ್ಯ ಪದಗಳೂ ಹೆಸರುಗಳೂ ಇಲ್ಲಿ ತುಂಬಿರಬೇಕಿತ್ತು. ಹಾಗಿಲ್ಲ. ವ್ಯಾಕರಣ ಹತ್ತಿರ, ಹೆಸರುಗಳು ದೂರ. ಬಹಳ ಹಿಂದೆ ಬೇರೆಯಾದ ಸೋದರಿಯರ ಲಕ್ಷಣ ಅದು. ಪಡುವಾದಲ್ಲಿ ಹುಟ್ಟಿದ ಲಿವಿಗೆ ಈ ಬೆಟ್ಟದವರ ಮಾತು ಕಿವಿಗೆ ಬಿದ್ದಿರಬಹುದು. ಎರಡು ಭಾಷೆ ಒಂದೇ ಥರ ಕೇಳುತ್ತವೆ ಎಂದು ಅವನು ಗುರುತಿಸಿದ್ದು ಸರಿ. ಬೆಟ್ಟದವರದ್ದು ಕೆಟ್ಟುಹೋದ ರೂಪ ಎಂದು ತೀರ್ಮಾನಿಸಿದ್ದು ಪಟ್ಟಣದವರ ದೃಷ್ಟಿ. ಯಾರ ಆಡುಮಾತನ್ನಾದರೂ ಕೆಟ್ಟ ರೂಪವೆಂದು ತಳ್ಳುವ ಆ ದೃಷ್ಟಿಯನ್ನು ಇಂದು ನಾವು ಪುರಾವೆಯೆಂದು ಎತ್ತಿಹಿಡಿಯಬಾರದು.

ಐದನೆಯದು ರೈಟಿಯಾ ದೇವಿಯ ವಿಷಯ. ಇದನ್ನು ಬರೆದವರು ಎಸ್ತೆಯ ಬಗ್ಗೆ ಚೆನ್ನಾಗಿ ಓದಿಕೊಂಡಿದ್ದಾರೆ. ಮಗ್ರೆಯಿಂದ ದಕ್ಷಿಣಕ್ಕೆ, ವೆನೆಟಿಕ್ ಜನರ ಎಸ್ತೆಯಲ್ಲಿ, ರೈಟಿಯಾ ಎಂಬ ದೇವಿಯ ದೊಡ್ಡ ಪೂಜಾಸ್ಥಳವಿತ್ತು. ಭಕ್ತರು ಅವಳಿಗೆ ಕಂಚಿನ ಬರಹದ ಫಲಕಗಳನ್ನೂ ಬರೆಯುವ ಕಡ್ಡಿಗಳನ್ನೂ ಒಪ್ಪಿಸುತ್ತಿದ್ದರು. ಅಕ್ಷರವನ್ನೇ ಕಾಣಿಕೆಯಾಗಿ ಪಡೆದ ದೇವಿ! ಮಗ್ರೆಯ ಕೊಂಬುಗಳ ಮೇಲೂ ರೈತೆ, ರಿತ ಎಂದು ಶುರುವಾಗುವ ಪದಗಳಿವೆ. ರಿತಮ್ನೆ ಎಂಬುದೂ ಆ ಗುಂಪಿನದೇ. ಆದ್ದರಿಂದ ಇವು ದೇವಿಯ ಹೆಸರುಗಳು, ನೀವು ದೇವಿಯನ್ನು ಒಬ್ಬ ಹಳ್ಳಿಗನನ್ನಾಗಿ ಮಾಡಿದಿರಿ ಎಂಬುದು ಅವರ ನೋವು.

ಬಹಳ ಕಾಲ ದೊಡ್ಡ ವಿದ್ವಾಂಸರೂ ಹಾಗೇ ಓದಿದ್ದರು. ಜಾಗ ಪೂಜಾಸ್ಥಳ, ನೆರೆಯಲ್ಲಿ ಆ ದೇವಿ, ಪದ ಹತ್ತಿರ, ಸಹಜವಾದ ಊಹೆ. ಆದರೆ ಪದ ವಾಕ್ಯದಲ್ಲಿ ನಿಂತಿರುವ ಜಾಗವನ್ನು ನೋಡಬೇಕು. ಒಂದು ಕೊಂಬಿನ ಮೇಲೆ ರೈತೆಮುಯು ಎಂದಾದ ಮೇಲೆ ತ್ಸಿನಖೆ ಎಂಬ ಕ್ರಿಯಾಪದ ಬರುತ್ತದೆ. ಮಾಡಿದ ಅಥವಾ ಅರ್ಪಿಸಿದ ಎಂಬ ಕ್ರಿಯೆಗೆ ಕರ್ತೃವಾಗಿ ನಿಲ್ಲುವವನು ಭಕ್ತ, ಕಾಣಿಕೆ ಪಡೆಯುವ ದೇವಿ ಅಲ್ಲಿ ನಿಲ್ಲುವುದಿಲ್ಲ. ರಿತಮ್ನೆಯ ವಿಷಯ ಇನ್ನೂ ಸ್ಪಷ್ಟ. ಅವನ ಪಕ್ಕದಲ್ಲಿ ಹೆಲನು ಇದ್ದಾನೆ, ಪಿತಮ್ನೆಯ ಪಕ್ಕದಲ್ಲಿ ಇರುವಂತೆಯೇ. ರಿತಮ್ನೆ ದೇವಿಯಾದರೆ ಪಿತಮ್ನೆಯೂ ದೇವರಾಗಬೇಕು, ಇಬ್ಬರಿಗೂ ಒಬ್ಬನೇ ತಂದೆ ಇರಬೇಕು. ಆ ಬೆಟ್ಟದ ಜನ ಮಕ್ಕಳಿಗೆ ದೇವರ ಹೆಸರಿಟ್ಟಿರಬಹುದು. ನಮ್ಮಲ್ಲಿ ಮನೆಗೊಬ್ಬ ಮಂಜುನಾಥನಿದ್ದಾನೆ. ಹೆಸರಿನ ಮೂಲದಲ್ಲಿ ದೇವಿ ಇದ್ದರೆ ಆಶ್ಚರ್ಯವಿಲ್ಲ. ಕೊಂಬಿನ ಮೇಲೆ ಬರೆದುಕೊಂಡವನು ಮಾತ್ರ ಮನುಷ್ಯ. ಅವನನ್ನು ಅಳಿಸಿ ದೇವಿಯನ್ನು ಕೂರಿಸಿದರೆ ಭಕ್ತಿಗೂ ನ್ಯಾಯವಾಗದು, ಹರಕೆ ಹೊತ್ತು ಗುಡ್ಡ ಹತ್ತಿದವನು ಅವನೇ.

ಇನ್ನು ನಮ್ಮವರದೇ ಆಕ್ಷೇಪ. ಪ್ರತ್ಯಯ ಪೋಣಿಸುವ ಭಾಷೆ ಎಂದಿರಿ, ಹಾಗಾದರೆ ದ್ರಾವಿಡ ಸಂಬಂಧವನ್ನು ಏಕೆ ನೋಡಲಿಲ್ಲ ಎಂದು ಇಬ್ಬರು ಮೂವರು ಕೇಳಿದ್ದಾರೆ. ಹೊಸ ಪ್ರಶ್ನೆಯಲ್ಲ ಇದು. ನಾರ್ವೆಯ ಸ್ಟೆನ್ ಕೊನೊ 1904ರಲ್ಲೇ ಎಟ್ರಸ್ಕನ್ ಮತ್ತು ದ್ರಾವಿಡವನ್ನು ಎದುರುಬದುರು ಇಟ್ಟು ಲೇಖನ ಬರೆದಿದ್ದರು. ಅಂದಿನಿಂದ ಇಂದಿನವರೆಗೆ ಆ ದಾರಿಯಲ್ಲಿ ಗಟ್ಟಿಯಾದದ್ದೇನೂ ಬೆಳೆಯಲಿಲ್ಲ. ಪ್ರತ್ಯಯ ಪೋಣಿಸುವುದು ಒಂದು ಬಗೆ, ನೆಂಟಸ್ತಿಕೆಯಲ್ಲ. ತುರ್ಕಿ, ಫಿನ್ನಿಶ್, ಜಪಾನಿ ಭಾಷೆಗಳೂ ಪೋಣಿಸುತ್ತವೆ. ನೆಂಟಸ್ತಿಕೆ ಹೇಳಬೇಕಾದರೆ ಪ್ರತ್ಯಯದ ರೂಪವೂ ಕೆಲಸವೂ ಒಟ್ಟಿಗೆ ಹೊಂದಬೇಕು, ಸಿ ಮತ್ತು ಅಲೆ ಹೊಂದಿದಂತೆ.

ಇದೇ ಪತ್ರಗಳಲ್ಲಿ ಒಬ್ಬರು ಆಕ್ಸಿರಿಂಕಸ್ ಪಪೈರಸ್ಸನ್ನು ನೆನಪಿಸಿದ್ದಾರೆ. ಈಜಿಪ್ಟಿನ ಮರಳಲ್ಲಿ ಸಿಕ್ಕ ಆ ಗ್ರೀಕ್ ಪ್ರಹಸನ ಭಾರತದ ತೀರದಲ್ಲಿ ನಡೆಯುತ್ತದೆ, ಅದರಲ್ಲಿ ಗ್ರೀಕ್ ಅಲ್ಲದ ಮಾತುಗಳಿವೆ. 1904ರಲ್ಲಿ ಹುಲ್ಟ್‌ಷ್ ಅವು ಕನ್ನಡವಿರಬಹುದೆಂದರು. ನಮ್ಮ ಆರ್. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಚರ್ಚೆಯನ್ನು ಎತ್ತಿಕೊಂಡರು. 1926ರಲ್ಲಿ ಬಾರ್ನೆಟ್ ಅದನ್ನು ಒಪ್ಪದೆ ಬರೆದರು. ಸೆಮಿಟಿಕ್ ಓದನ್ನು ತಳ್ಳುವ ನೀವು ಈ ಕನ್ನಡದ ಓದನ್ನೂ ತಳ್ಳುತ್ತೀರಾ ಎಂಬುದು ಪತ್ರ ಬರೆದವರ ಸವಾಲು. ಅಳತೆಗೋಲು ಒಂದೇ ಇರಬೇಕು, ಕನ್ನಡದ್ದೆಂಬ ಕಾರಣಕ್ಕೆ ಅದನ್ನು ನಾನು ಉದ್ದ ಮಾಡಲಾರೆ. ಪ್ರಹಸನದ ವಿಷಯದಲ್ಲಿ ಪ್ರಶ್ನೆ ಕೇಳಿದ್ದು ಪೂರ್ತಿ ನ್ಯಾಯವಾದದ್ದು, ಯಾಕೆಂದರೆ ಕಥೆ ನಡೆಯುವ ಜಾಗವೇ ಭಾರತದ ತೀರ. ಆದರೆ ಅಲ್ಲಿ ನಡೆದದ್ದು ಧ್ವನಿಗೆ ಪದ ಹೊಂದಿಸುವ ಕೆಲಸ. ಒಂದೇ ಪ್ರತ್ಯಯ ಬೇರೆ ಬೇರೆ ಪದಗಳ ಮೇಲೆ ಒಂದೇ ಕೆಲಸಕ್ಕೆ ಮರಳಿ ಬರುವುದನ್ನು ಯಾರೂ ತೋರಿಸಲಿಲ್ಲ. ಹಾಗೆ ತೋರಿಸಿದ ದಿನ ಕನ್ನಡದ ವಾದವನ್ನು ಮೊದಲು ಎತ್ತಿ ಹಿಡಿಯುವವನು ನಾನೇ. ಅಲ್ಲಿಯವರೆಗೆ ಅದು ಸುಂದರವಾದ ಸಾಧ್ಯತೆ, ಅಷ್ಟೇ.

ಕೊನೆಯ ಆಕ್ಷೇಪ ಚಿಕ್ಕದು, ಆದರೆ ನನ್ನನ್ನು ಹೆಚ್ಚು ಕಾಡಿದ್ದು. ಇಷ್ಟೆಲ್ಲ ಮಾಡಿ ಸಿಕ್ಕದ್ದು ಬರೀ ಹೆಸರುಗಳು, ಇದಕ್ಕೆ ಓದು ಎನ್ನಬೇಕೆ? ಕವಿತೆಯಿಲ್ಲ, ಕಾನೂನಿಲ್ಲ, ರಾಜನಿಲ್ಲ.

ರೇಟಿ ಜನರ ಬಗ್ಗೆ ರೋಮನ್ನರು ಬರೆದದ್ದು ಅವರು ಒರಟರು ಎಂದು, ಕ್ರಿ.ಪೂ. 15ರಲ್ಲಿ ಡ್ರೂಸುಸ್ ಮತ್ತು ಟಿಬೇರಿಯುಸ್ ಅವರನ್ನು ಗೆದ್ದರು ಎಂದು. ಆಮೇಲೆ ಅಲ್ಲಿ ಲ್ಯಾಟಿನ್ ಹಬ್ಬಿತು. ಇಂದು ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ಆಡುವ ರೊಮಾನ್ಶ್ ಲ್ಯಾಟಿನ್‌ನ ಮಗಳು, ರೇಟಿಕ್‌ನದಲ್ಲ. ಆ ಜನರೇ ತಮ್ಮ ಬಾಯಿಂದ ಹೇಳಿಕೊಂಡದ್ದು ಉಳಿದಿರುವುದು ಮುನ್ನೂರು ಚಿಲ್ಲರೆ ವಸ್ತುಗಳ ಮೇಲೆ: ಕೊಂಬು, ಕಂಚು, ಮೂಳೆ, ಬಂಡೆ. ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಶುಮಾಖರ್ ಮತ್ತು ಕೊರಿನ್ನಾ ಸಾಲೊಮನ್ ಅವನ್ನೆಲ್ಲ ಒಂದೊಂದಾಗಿ ಮತ್ತೆ ಓದಿ ಒಂದೇ ಸಂಗ್ರಹದಲ್ಲಿ ಇಟ್ಟಿದ್ದಾರೆ. ಅದರಲ್ಲಿ ಬಹುಪಾಲು ಹೆಸರೇ ಇರುವುದು ನಿಜ. ಆದರೆ ವಿಭಕ್ತಿ ಹೊತ್ತ ಹೆಸರು ಬರೀ ಹೆಸರಲ್ಲ, ಅದು ವ್ಯಾಕರಣ. ಮಗ ತಂದೆಯ ಹೆಸರನ್ನು ನು ಹಚ್ಚಿ ಹೊತ್ತುಕೊಂಡದ್ದು, ಮಗಳು ನಾ ಹಚ್ಚಿಕೊಂಡದ್ದು, ಕಾಣಿಕೆ ಕೊಟ್ಟವನು ಸಿ ಮತ್ತು ಅಲೆಯಲ್ಲಿ ತನ್ನನ್ನು ಗುರುತಿಸಿಕೊಂಡದ್ದು: ಒಂದು ಸಮಾಜ ತನ್ನನ್ನು ಹೇಗೆ ಕರೆದುಕೊಳ್ಳುತ್ತಿತ್ತು ಎಂಬುದು ಇದರಿಂದ ಗೊತ್ತಾಗುತ್ತದೆ. ನಮ್ಮ ವೀರಗಲ್ಲುಗಳಲ್ಲೂ ಎಷ್ಟೋ ಕಡೆ ಇರುವುದು ಇಂಥವನ ಮಗ ಇಂಥವನು ಎಂಬ ಸಾಲೇ. ಅದನ್ನು ಬರೀ ಹೆಸರೆಂದು ನಾವು ಬದಿಗಿಡುವುದಿಲ್ಲ.

ನಾನು ಒಪ್ಪಿದ ಈ ಓದು ಬೀಳುವುದು ಹೇಗೆಂದೂ ಹೇಳುತ್ತೇನೆ. ನಾಳೆ ಟ್ರೆಂಟೊದಲ್ಲೋ ಟಿರೋಲ್‌ನಲ್ಲೋ ಹೊಸ ಶಾಸನವೊಂದು ಸಿಕ್ಕು, ಅದರಲ್ಲಿ ನುಅಲೆ ಎಂದು ಮುಗಿಯುವ ಪದ ಮನುಷ್ಯನ ಹೆಸರಿನ ಜೋಡಿಯಾಗಿರದೆ ಬೇರೆಯೇ ಕೆಲಸ ಮಾಡುತ್ತಿದ್ದರೆ, ಅಥವಾ ಲ್ಯಾಟಿನ್ ಜೊತೆಗೆ ಬರೆದ ಒಂದು ಸಾಲು ಸಿಕ್ಕು ತ್ಸಿನಖೆಯ ಎದುರಿಗೆ ಮಾಡಿದ, ಅರ್ಪಿಸಿದ ಎಂಬುದಕ್ಕೆ ಸಂಬಂಧವೇ ಇಲ್ಲದ ಪದ ನಿಂತಿದ್ದರೆ, ಪಿತಮ್ನೆ ಹೆಲನು ಎಂಬ ಓದನ್ನು ಕೈಬಿಡಬೇಕಾಗುತ್ತದೆ. ಸೆಮಿಟಿಕ್ ಓದನ್ನು ಎತ್ತಿಹಿಡಿದವರೂ ದ್ರಾವಿಡ ಓದನ್ನು ಬಯಸುವವರೂ ಇದೇ ರೀತಿ ತಮ್ಮ ಓದು ಯಾವ ಶಾಸನ ಸಿಕ್ಕರೆ ಬೀಳುತ್ತದೆ ಎಂದು ಮೊದಲೇ ಬರೆದಿಡಲಿ. ಆಮೇಲೆ ಚರ್ಚೆ ಮುಂದುವರಿಸೋಣ.